ಕೊತ್ತತ್ತಿ ಯಜಮಾನರಿಗೆ ಹಾಕಿದ ಬ್ಯಾಂಡು

ಎಂಡೋಸ್ಕೋಪಿ ರೂಮಿನಲ್ಲಿ ನರ್ಸು ನಗಬಾರದು. ಆದರೆ ನಗು ನಮ್ಮನ್ನು ಕೇಳಿಕೊಂಡು ಬರುತ್ತದೆಯೇ? ಮಂಡ್ಯದಲ್ಲಿ ಹನ್ನೆರಡು ವರ್ಷದಿಂದ ತುಟಿ ಕಚ್ಚಿಕೊಂಡೇ ಡ್ಯೂಟಿ ಮಾಡುತ್ತಿದ್ದೇನೆ.

ಲಿವರ್ ಕೆಟ್ಟವರಿಗೆ ಅನ್ನನಾಳದ ರಕ್ತನಾಳಗಳು ಊದಿಕೊಳ್ಳುತ್ತವೆ. ಒಡೆದರೆ ರಕ್ತವಾಂತಿ. ಅದಕ್ಕೇ ಬಾಯಿಂದ ಕೊಳವೆ ಇಳಿಸಿ, ಊದಿದಲ್ಲೆಲ್ಲ ಪುಟಾಣಿ ರಬ್ಬರ್ ಬ್ಯಾಂಡು ಬಿಗಿಯುತ್ತೇವೆ. ಕೊತ್ತತ್ತಿಯ ಯಜಮಾನರೊಬ್ಬರು ಹಾಗೇ ರಕ್ತ ಕಾರಿಕೊಂಡು ಬಂದರು. ಆರು ಬ್ಯಾಂಡು ಬಿತ್ತು. "ಇನ್ನು ಒಂದು ತೊಟ್ಟು ಕುಡಿದರೂ ಉಳಿಯಲ್ಲ" ಅಂದರು ಡಾಕ್ಟರು.

ಅಗಿಯದ ಊಟ

ಡಾಕ್ಟರು ಮಂಗಳೂರಿನ ಕಡೆಯವರು. "ಅಗಿಯುವಂಥದ್ದು ಏನೂ ಬೇಡ, ಮೆತ್ತಗಿರೋದು ಕೊಡಿ" ಅಂದಿದ್ದರು. ಮಾರನೇ ದಿನ ರೌಂಡ್ಸಿಗೆ ಬಂದು, ಏನು ತಿಂದಿರಿ ಅಂದರು.

"ಮುದ್ದೆ ಸಾರ್."

"ಅಯ್ಯೋ! ಮೆತ್ತಗಿರೋದು ಅಂದಿರಲಿಲ್ವಾ?"

"ಮುದ್ದೆಗಿಂತ ಮೆತ್ತಗಿರೋದು ಇನ್ನೇನೈತೆ? ಅಗ್ಯೋ ಕೆಲ್ಸಾನೂ ಇಲ್ಲ. ನಮ್ಮೂರಲ್ಲಿ ಮುದ್ದೆ ಅಗ್ದ್ರೆ ನೆಗಾಡ್ತಾರೆ."

ತುತ್ತು ಎಷ್ಟು ದಪ್ಪ ಅಂತ ಡಾಕ್ಟರು ಕೇಳಿದರು. ಯಜಮಾನರು ಬೆರಳಲ್ಲಿ ನಿಂಬೆಹಣ್ಣಿನ ಗಾತ್ರ ತೋರಿಸಿದರು. ಡಾಕ್ಟರು ಅಲ್ಲೇ ಸ್ಟೂಲಿನ ಮೇಲೆ ಕೂತರು. ಪುಣ್ಯಕ್ಕೆ ಬ್ಯಾಂಡು ಕಳಚಿರಲಿಲ್ಲ. ಚೀಟಿಯಲ್ಲಿ ಕೆಂಪು ಇಂಕಿನಲ್ಲಿ 'ಎರಡು ವಾರ ಮುದ್ದೆ ಇಲ್ಲ' ಅಂತ ಬರೆದರು. ಯಜಮಾನರು ಓದಿ ನಿಟ್ಟುಸಿರು ಬಿಟ್ಟರು.

"ಅಂಗಾರೆ ಬದುಕ್ಸಿದ್ಯಾಕೆ ಸಾರ್?"

ಉದುರಿದ್ದು ಎಲ್ಲಿ?

ಬ್ಯಾಂಡು ತಾನಾಗೇ ಉದುರಿ, ಮಲದಲ್ಲಿ ಹೋಗುತ್ತದೆ ಅಂತ ಹೇಳಿ ಕಳಿಸಿದ್ದೆ. ಹತ್ತು ದಿನಕ್ಕೆ ಅವರ ಹೆಂಡತಿಯ ಫೋನು.

"ಸಿಸ್ಟ್ರೇ, ಆರಾಕಿದ್ರಿ. ನಾಕೇ ಸಿಕ್ಕಿರೋದು ಕಣಮ್ಮ."

ಹುಡುಕಿದ್ದು ಹೇಗೆ ಅಂತ ಕೇಳಲು ಧೈರ್ಯ ಬರಲಿಲ್ಲ.

"ಬಿಸಾಕಿ ಅಮ್ಮ, ಬೇಕಾಗಿಲ್ಲ" ಅಂದೆ.

"ಬುಡಿ ಅತ್ಲಾಗೆ, ತೊಳ್ದು ಮಡಗಿದ್ನಲ್ಲಾ!"

ವಾಸನೆ

ಮೂರನೇ ಸಲ ಪರೀಕ್ಷೆಗೆ ಬಂದಾಗ ಯಜಮಾನರ ಹೆಂಡತಿ ಬಾಗಿಲಲ್ಲೇ ನನ್ನ ಕೈ ಹಿಡಿದುಕೊಂಡರು. "ಕುಡ್ಯೋದ್ ಬುಟ್ಯಾ ಅಂದ್ರೆ ಬಾಯೇ ಬುಡಕಿಲ್ಲ ಈವಯ್ಯ. ದಿನಾ ಸಂಜೆ ಬಾಯಿ ಮೂಸಿ ನೋಡ್ತೀನಿ. ಆದ್ರೂ ಎದ್ರಿಕೆ. ಈವಯ್ಯ ಓಗ್ಬುಟ್ರೆ ನಂಗ್ಯಾರವ್ರೆ? ನೀವು ಕೊಡೋ ಸೂಜಿ ಮಂಪರಲ್ಲಿ ನಿಜ ಏಳ್ತಾರಂತಲ್ಲ, ನೀವೇ ಕೇಳಿ."

ಅದು ನನ್ನ ಕೆಲಸವಲ್ಲ. ಆದರೆ ಆಕೆ ಹಿಡಿದ ಕೈ ಬಿಡಲಿಲ್ಲ. ಪರೀಕ್ಷೆ ಮುಗಿಯಿತು, ರಕ್ತನಾಳಗಳೆಲ್ಲ ಕುಗ್ಗಿದ್ದವು. ಯಜಮಾನರು ಇನ್ನೂ ಮಂಪರಲ್ಲಿದ್ದರು. ಆಕೆ ಪರದೆ ಹಿಂದೆ ನಿಂತರು.

"ಯಜಮಾನ್ರೇ, ಕುಡೀತಿದ್ದೀರಾ?"

"ಆವತ್ತೇ ಬುಟ್ಟೆ ಕಣವ್ವ. ನಮ್ಮನೆಯವ್ಳಿಗೆ ಮಾತ್ರ ಏಳ್ಬೇಡ."

"ಯಾಕೆ?"

"ಮಕ್ಳು ಉಟ್ಟಿದ್ಮೇಲೆ ಒಂದಿನ ಅತ್ರ ಬಂದೋಳಲ್ಲ. ಈಗ ದಿನಾ ಸಂಜೆ ಮಕಕ್ಕೆ ಮಕ ಕೊಟ್ಟು ಮೂಸ್ತಾಳೆ. ಬುಟ್ಟಿದ್ದೀನಿ ಅಂದ್ರೆ ಅದೂ ನಿಂತೋಯ್ತದೆ."

ಪರದೆ ಸರಿಯಿತು. ಆಕೆ ಕಣ್ಣೊರೆಸಿಕೊಂಡು ಬಂದು, ಬಗ್ಗಿ, ಗಂಡನ ಬಾಯಿ ಮೂಸಿದರು. ನೆಟ್ಟಗೆ ನಿಂತು ಗಂಭೀರವಾಗಿ ಹೇಳಿದರು:

"ಇಲ್ಲಿ ಬರೀ ಫಿನಾಯಿಲ್ ವಾಸ್ನೆ ಸಿಸ್ಟ್ರೇ, ಏನೂ ಗೊತ್ತಾಗಕಿಲ್ಲ. ಮನ್ಗೋಗಿ ಸರ್ಯಾಗಿ ನೋಡ್ಬೇಕು."