ಅಲ್ ವುಕೈರಿನ ಷೆರಿಫ್

ನನಗೆ ಸುಸ್ತು. ಯಾಕೆ ಸುಸ್ತು ಅಂತ ಕೇಳಬೇಡಿ, ಹೇಳುವುದಕ್ಕೂ ಸುಸ್ತು. ಕೆಲವರಿಗೆ ಕೆಲಸ ಮಾಡಿ ಸುಸ್ತಾಗುತ್ತದೆ, ಇನ್ನು ಕೆಲವರಿಗೆ ಕೆಲಸದ ಹೆಸರು ಕೇಳಿದರೇ ಸಾಕು. ನನಗಾದರೋ "ಹೇಗೂ ನೀವಿದ್ದೀರಲ್ಲ" ಎಂಬ ಮಾತು ಕಿವಿಗೆ ಬಿದ್ದರೆ ಕೈಕಾಲು ಬಿದ್ದುಹೋಗುತ್ತವೆ. ಹೋದ ವರ್ಷ ಕತಾರಿನ ಅಲ್ ವುಕೈರಿನಲ್ಲಿರುವ ನಮ್ಮ ಕಟ್ಟಡದ ಕನ್ನಡದ ಮನೆಯವರೆಲ್ಲ ಸೇರಿ ಇದೇ ಮಾತನ್ನು ಹೇಳಿ ನನ್ನನ್ನು ಸಂಚಾಲಕನನ್ನಾಗಿ ಮಾಡಿದರು. ಅಲ್ಲಿಂದ ಶುರುವಾದ ಸುಸ್ತು ಇದು.

ಸಂಚಾಲಕ ಅಂದರೆ ಏನೋ ಭಾರೀ ಹುದ್ದೆ ಅಂದುಕೊಳ್ಳಬೇಡಿ. ಲಿಫ್ಟ್ ಕೆಟ್ಟರೆ ವಾಚ್‌ಮನ್‌ಗೆ ಹೇಳಬೇಕು. ಅವನು "ಮಾಫಿ ಮುಷ್ಕಿಲ್", ಏನೂ ತೊಂದರೆಯಿಲ್ಲ, ಅಂತ ನಗುತ್ತಾನೆ. ಅವನಿಗೇನೂ ತೊಂದರೆಯಿಲ್ಲ ನಿಜ, ಅವನ ಕೋಣೆ ನೆಲಮಹಡಿಯಲ್ಲಿದೆ. ಯುಗಾದಿಗೆ ಬೇವಿನ ಸೊಪ್ಪು ಹುಡುಕಬೇಕು, ಈದ್ ಊಟಕ್ಕೆ ಕುರ್ಚಿ ಹೊಂದಿಸಬೇಕು, ಯಾರದೋ ಅತ್ತೆ ಮಾವ ಊರಿಂದ ಹಲಸಿನ ಹಪ್ಪಳದ ಪೆಟ್ಟಿಗೆಯ ಸಮೇತ ಬಂದಿಳಿದರೆ ಏರ್‌ಪೋರ್ಟಿಗೆ ಓಡಬೇಕು, ಯಾಕೆಂದರೆ ದೊಡ್ಡ ಗಾಡಿ ಇರುವುದು ನಮ್ಮ ಮನೆಯಲ್ಲಿ. ಇಷ್ಟೂ ಬಂದು ಬೀಳುವುದು ಶುಕ್ರವಾರ. ಕೆಲಸದ ದಿನಗಳಲ್ಲಿ ನಾನು ಬೆಳಕು ಹರಿಯುವ ಮೊದಲೇ ಕಂಪನಿ ಬಸ್ಸು ಹತ್ತಿ, ಇಡೀ ದೋಹಾ ದಾಟಿ ರಾಸ್ ಲಫಾನ್‌ಗೆ ಹೋಗಿ, ಗ್ಯಾಸ್ ಪೈಪುಗಳ ಯೋಗಕ್ಷೇಮ ವಿಚಾರಿಸಿ ಬರುವವನು. ನನ್ನದು ಅಂತ ಉಳಿದಿರುವುದು ಶುಕ್ರವಾರ ಮಧ್ಯಾಹ್ನದ ನಿದ್ದೆಯೊಂದೇ. ತಿಳಿಸಾರಿನ ಊಟ, ಎಳೆದ ಪರದೆ, ಗುಂಯ್‌ಗುಡುವ ಏಸಿ. ಆ ನಿದ್ದೆಯನ್ನೇ ಒಂದು ವರ್ಷದಿಂದ ಕಳೆದುಕೊಂಡು ಕೂತಿದ್ದೆ. ಈ ಸಲ ಏನಾದರೂ ಸರಿ, ತಪ್ಪಿಸಿಕೊಳ್ಳಲೇಬೇಕು ಅಂತ ಪಣ ತೊಟ್ಟಿದ್ದೆ.

ಆಗ ದೇವರ ಹಾಗೆ ಬಂದದ್ದು ನನ್ನ ಮಗಳು ಮೇಘಾಳ ಸ್ಕೂಲ್ ಪ್ರಾಜೆಕ್ಟು. ಅವಳ ಇತಿಹಾಸದ ಟೀಚರಮ್ಮ ಇಂಗ್ಲೆಂಡಿನವರು. ತಮ್ಮೂರ ಜಿಲ್ಲೆಯ ಷೆರಿಫ್ ಹುದ್ದೆ ಹೇಗೆ ಬೆಳೆದು ಬಂತು ಅಂತ ಬರೆದುಕೊಂಡು ಬಾ ಅಂದಿದ್ದಾರೆ. ಮೈಸೂರಿನ ಅಗ್ರಹಾರದಲ್ಲಿ ಬೆಳೆದ ನನಗೂ ಆ ಜಿಲ್ಲೆಗೂ ಎಲ್ಲಿಯ ಸಂಬಂಧ ಸ್ವಾಮೀ! ಷೆರಿಫ್ ಅಂದರೆ ಎದೆಗೆ ನಕ್ಷತ್ರ ಚುಚ್ಚಿಕೊಂಡು ಕುದುರೆ ಮೇಲೆ ಬರುವವನು ಅಂತ ನಾನು ತಿಳಿದಿದ್ದೆ. "ಅಪ್ಪಾ, ಅದು ಅಮೆರಿಕಾ" ಅಂತ ಮೇಘಾ ನನ್ನ ಕಡೆ ನೋಡಿದ ನೋಟವನ್ನು ಇಲ್ಲಿ ಬಣ್ಣಿಸುವುದಿಲ್ಲ.

ಓದುತ್ತ ಹೋದರೆ ಪಾಪ ಅನಿಸಿತು. ಮೊದಮೊದಲು ಷೆರಿಫ್ ಅಂದರೆ ಜಿಲ್ಲೆಗೆ ಜಿಲ್ಲೆಯೇ ನಡುಗುತ್ತಿತ್ತಂತೆ. ರಾಜನ ಪರವಾಗಿ ಕಂದಾಯ ವಸೂಲಿ ಅವನದೇ, ಕಳ್ಳರನ್ನು ಹಿಡಿಯುವುದು ಅವನೇ, ಸೆರೆಮನೆ ಅವನದು, ನೇಣುಗಂಬವೂ ಅವನದು. ಆಮೇಲೆ ಒಬ್ಬೊಬ್ಬರಾಗಿ ಬಂದರು. ಹೆಣದ ವಿಚಾರಣೆಗೆ ಒಬ್ಬ ಬಂದ, ನ್ಯಾಯ ಹೇಳಲು ಇನ್ನೊಬ್ಬ, ಸೈನ್ಯ ಕಟ್ಟಲು ಮತ್ತೊಬ್ಬ. ಪೊಲೀಸರು ಬಂದ ಮೇಲೆ ಕಳ್ಳರೂ ಕೈಬಿಟ್ಟುಹೋದರು. ಈಗ ಉಳಿದಿರುವುದು ಮಖಮಲ್ಲಿನ ಕೋಟು, ಕತ್ತಿನ ಹತ್ತಿರ ಜಾಲರಿ, ಸೊಂಟಕ್ಕೊಂದು ಕತ್ತಿ, ಮತ್ತು ಊರಿಗೆ ಬರುವ ನ್ಯಾಯಾಧೀಶರಿಗೆ ನಮಸ್ಕಾರ. ಒಂದು ವರ್ಷದ ಹುದ್ದೆ, ಸಂಬಳವಿಲ್ಲ.

ಇದು ಬೇರೆ ಯಾರ ಕಥೆಯೂ ಅಲ್ಲ, ನನ್ನದೇ! ಮದುವೆಯಾದ ಹೊಸದರಲ್ಲಿ ನಾನೂ ಮನೆಯ ಷೆರಿಫನೇ ಆಗಿದ್ದೆ. ಬ್ಯಾಂಕಿನ ವ್ಯವಹಾರ ನನ್ನ ಕೈಯಲ್ಲಿತ್ತು, ಅದು ವಸುಧಾಳ ಫೋನಿಗೆ ಹೋಯಿತು. ಟಿವಿ ರಿಮೋಟು ಮೇಘಾಳ ಪಾಲಾಯಿತು. ಈಗ ನನಗೆ ಉಳಿದಿರುವ ಅಧಿಕಾರ ಅಂದರೆ ಬಂದ ನೆಂಟರಿಗೆ ಬಾಗಿಲು ತೆಗೆದು "ಬನ್ನಿ ಬನ್ನಿ" ಅನ್ನುವುದು. ಕತ್ತಿಯೊಂದು ಇಲ್ಲ, ಅಷ್ಟೇ. "ಸೌಟು ಕೊಡ್ತೀನಿ, ಸಿಕ್ಕಿಸ್ಕೊಳ್ಳಿ" ಅಂದಳು ವಸುಧಾ.

ಷೆರಿಫನನ್ನು ಆರಿಸುವ ಪದ್ಧತಿ ಇನ್ನೂ ಚೆನ್ನಾಗಿದೆ. ಹೆಸರುಗಳ ಪಟ್ಟಿಯನ್ನು ಅರಸರ ಮುಂದೆ ಹಿಡಿಯುತ್ತಾರೆ. ಅವರು ಪೆನ್ನು ಮುಟ್ಟುವುದಿಲ್ಲ, ಒಂದು ದಬ್ಬಣ ತೆಗೆದು ಹೆಸರಿನ ಪಕ್ಕ ಚುಚ್ಚುತ್ತಾರೆ. ಹಿಂದೆ ಒಬ್ಬ ರಾಣಿ ತೋಟದಲ್ಲಿ ಹೊಲಿಯುತ್ತ ಕೂತಿದ್ದಾಗ ಪಟ್ಟಿ ತಂದರಂತೆ, ಕೈಯಲ್ಲಿದ್ದ ಸೂಜಿಯಿಂದಲೇ ಚುಚ್ಚಿದಳಂತೆ. ಅದು ಕಟ್ಟುಕಥೆ ಅಂತಲೂ ಹೇಳುತ್ತಾರೆ. ಶಾಯಿಯಾದರೆ ಕೆರೆದು ಅಳಿಸಬಹುದು, ತೂತನ್ನು ಅಳಿಸುವುದು ಹೇಗೆ? ಖರ್ಚಿಗೆ ಹೆದರಿ ಜನ ತಪ್ಪಿಸಿಕೊಳ್ಳಲು ನೋಡುತ್ತಿದ್ದ ಕಾಲ ಅದು. ಅಷ್ಟರಲ್ಲಿ ಮೇಘಾ ಇನ್ನೊಂದು ಸಾಲು ಓದಿದಳು. ಒಂದು ವರ್ಷ ಷೆರಿಫ್ ಆದವನನ್ನು ಮತ್ತೆ ಮೂರು ವರ್ಷ ಆ ಕೆಲಸಕ್ಕೆ ಹಿಡಿಯಬಾರದು ಅಂತ ಹಳೆಯ ಕಾನೂನೇ ಇದೆಯಂತೆ. ನಾನು ಸೋಫಾದಿಂದ ಎದ್ದು ನಿಂತೆ. ಮೂರು ವರ್ಷದ ಶುಕ್ರವಾರಗಳು! ಮೇಘಾ ಅದರ ಮುಂದಿನ ಸಾಲನ್ನೂ ಓದುತ್ತಿದ್ದಳು. ಅದನ್ನು ಕೇಳಿಸಿಕೊಳ್ಳುವ ತಾಳ್ಮೆ ನನಗಿರಲಿಲ್ಲ.

ಮುಂದಿನ ಶುಕ್ರವಾರ ಜುಮಾ ನಮಾಜು ಮುಗಿದ ಮೇಲೆ ಹಮೀದ್ ಭಾಯ್ ಮನೆಯಲ್ಲಿ ಎಲ್ಲರೂ ಸೇರಿದೆವು. ಹಮೀದ್ ಭಾಯ್ ಬಂಟ್ವಾಳದ ಕಡೆಯವರು, ಬಟ್ಟೆ ವ್ಯಾಪಾರಿ, ನಮ್ಮ ಕಟ್ಟಡದಲ್ಲಿ ಎಲ್ಲರಿಗಿಂತ ಹಳಬರು. ಅವರ ಹೆಂಡತಿ ಝುಬೇದಕ್ಕ ದಿಂಬಿನ ಕವರಿಗೆ ಕಸೂತಿ ಹಾಕುತ್ತ ಕೂತಿದ್ದರು. ಕೋರಿರೊಟ್ಟಿ ಇತ್ತು, ನಮ್ಮಂಥವರಿಗೆ ಬೇರೆ ಪಾತ್ರೆಯಲ್ಲಿ ತರಕಾರಿ ಸಾರು ಇತ್ತು. ಊಟ ಇಳಿಯುವ ಹೊತ್ತಿಗೆ ಹಮೀದ್ ಭಾಯ್ ಮನೆಗಳ ಹೆಸರು ಬರೆದ ಹಾಳೆ ತೆಗೆದು, "ಈ ವರ್ಷ ಯಾರು ಮಾರಾಯ್ರೆ? ಹೇಗೂ ನೀವಿದ್ದೀರಲ್ಲ" ಅಂತ ನನ್ನ ಕಡೆ ತಿರುಗಿದರು.

ನಾನು ಗಂಟಲು ಸರಿಮಾಡಿಕೊಂಡು ಇಂಗ್ಲೆಂಡಿನ ಕಥೆ ಶುರುಮಾಡಿದೆ. ಕಂದಾಯ, ನೇಣುಗಂಬ, ಮಖಮಲ್ಲು, ರಾಣಿ, ಸೂಜಿ, ಎಲ್ಲ ಹೇಳಿ, "ಆದ್ದರಿಂದ ಮೂರು ವರ್ಷ ನನ್ನನ್ನು ಮುಟ್ಟುವ ಹಾಗಿಲ್ಲ. ಖಲಾಸ್!" ಅಂತ ಮುಗಿಸಿದೆ. ಅವರು ಹಿಡಿದುಕೊಂಡದ್ದು ಸೂಜಿಯನ್ನು ಮಾತ್ರ.

"ಇದು ಭಾರೀ ಒಳ್ಳೆ ಉಪಾಯ" ಅಂದರು ಹಮೀದ್ ಭಾಯ್. "ಓಟು ಬೇಡ, ಜಗಳ ಬೇಡ. ಝುಬೇದಾ, ನಿನ್ನ ಕೈಯಲ್ಲಿ ಸೂಜಿ ಉಂಟಲ್ಲ? ಯಲ್ಲಾ, ಚುಚ್ಚು!"

"ಇವರ ಹೆಸರು ಬಿಟ್ಟು ಚುಚ್ಚುತ್ತೇನೆ. ಪಾಪ, ಕಾನೂನು ಉಂಟಂತೆ" ಅಂದ ಝುಬೇದಕ್ಕ ಹಾಳೆಯ ಮೇಲೆ ಸೂಜಿ ಆಡಿಸುತ್ತ ಬಂದು ಗಿರೀಶನ ಹೆಸರಿನ ಹತ್ತಿರ ನಿಲ್ಲಿಸಿದರು. ಗಿರೀಶ ತುಮಕೂರಿನ ಹುಡುಗ, ಅಕೌಂಟೆಂಟು, ಮೊನ್ನೆಮೊನ್ನೆ ಮದುವೆಯಾಗಿ ಮೇಲಿನ ಮಹಡಿಗೆ ಬಂದವನು. ಅವನು ತಲೆ ತಗ್ಗಿಸಿ, "ಎಲ್ಲರೂ ಹೇಳಿದ್ರೆ ಮಾಡ್ತೀನಿ" ಅಂದ.

ನೋಡಿ, ನಾನು ಆಗ ಬಾಯಿ ಮುಚ್ಚಿಕೊಂಡು ಕೂತಿದ್ದರೆ ಮುಗಿದಿತ್ತು. ಮೂರು ವರ್ಷ ನಿದ್ದೆ! ಆದರೆ ಗಿರೀಶನನ್ನು ಮತ್ತೊಮ್ಮೆ ನೋಡಿದೆ. ಇವನಾ? ಬೇವಿಗೂ ಕರಿಬೇವಿಗೂ ವ್ಯತ್ಯಾಸ ಗೊತ್ತಿಲ್ಲದವನು! "ಅಲ್ಲ ಝುಬೇದಕ್ಕಾ, ಗಿರೀಶ್ ಒಳ್ಳೇವ್ರೇ. ಆದ್ರೆ ಹೊಸಬರು, ವಾಚ್‌ಮನ್ ಇವರ ಮಾತು ಕೇಳಲ್ಲ. ಗಾಡೀನೂ ಚಿಕ್ಕದು" ಅಂದುಬಿಟ್ಟೆ. ಸೂಜಿ ಇನ್ನೊಂದು ಹೆಸರಿಗೆ ಹೋಯಿತು. "ಅವರಿಗೆ ಬಿಪಿ ಇದೆ" ಅಂದೆ. ಸೂಜಿ ಮತ್ತೂ ಕೆಳಗೆ ಹೋಯಿತು. "ಹಮೀದ್ ಭಾಯ್‌ಗೆ ಅಂಗಡಿ ಬಿಟ್ಟು ಬರೋಕಾಗುತ್ತಾ?" ಅಂದೆ. ವಸುಧಾ ನನ್ನ ಕಾಲು ತುಳಿದಳು. ಅವಳು ತುಳಿದದ್ದು ನನಗೆ ಅರ್ಥವಾದದ್ದು ಮನೆಗೆ ಬಂದ ಮೇಲೆ.

ಮೂಲೆಯಲ್ಲಿ ಐಸ್‌ಕ್ರೀಂ ತಿನ್ನುತ್ತಿದ್ದ ಮೇಘಾ ತಲೆಯೆತ್ತಿ, "ಅಪ್ಪಾ, ಯು ಫರ್ಗಾಟ್, ನೆಕ್ಸ್ಟ್ ಲೈನ್ ಇತ್ತಲ್ಲ. ಬೇರೆ ತಕ್ಕೋರು ಜಿಲ್ಲೇಲಿ ಇದ್ರೆ ಮಾತ್ರ ಮೂರು ವರ್ಷ ಬಿಡೋದು. ಇಲ್ದಿದ್ರೆ ಅವನನ್ನೇ ಹಿಡೀಬಹುದು" ಅಂದಳು.

"ತಕ್ಕವರು ಬೇರೆ ಯಾರೂ ಇಲ್ಲ ಅಂತ ಈಗ ನೀವೇ ಹೇಳಿದಿರಲ್ಲ!" ಅಂತ ಝುಬೇದಕ್ಕ ನನ್ನ ಹೆಸರಿಗೆ ಸೂಜಿ ಇಳಿಸಿದರು. ಚಪ್ಪಾಳೆ ಬಿತ್ತು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ಗಿರೀಶ.

ಮನೆಗೆ ಬಂದು ವಸುಧಾ ಏನಂದಳು ಅನ್ನುವುದನ್ನು ಬರೆಯುವಷ್ಟು ಶಕ್ತಿ ನನಗಿಲ್ಲ. ಒಂದು ಮಾತು ಮಾತ್ರ ನೆನಪಿದೆ: "ನಿಮಗೆ ನಿದ್ದೆ ಬೇಕಾಗಿಲ್ಲ ಕಣ್ರೀ, ನಿದ್ದೆ ಇಲ್ಲ ಅಂತ ಹೇಳ್ಕೊಳ್ಳೋದು ಬೇಕು." ನಾನು ತುಂಬಾ ನೊಂದುಕೊಂಡೆ. ಹೆಂಡತಿಯಾದವಳು ಹೀಗೆ ಅನ್ನಬಹುದೇ?

ಅದರ ಮುಂದಿನ ಶುಕ್ರವಾರ ಸಾರಿನ ಊಟ ಮಾಡಿ, ಪರದೆ ಎಳೆದು, ಈಗ ಬರುತ್ತೆ ಫೋನು ಅಂತ ಮಲಗಿದೆ. ಬರಲಿಲ್ಲ. ಈ ಮಗ್ಗುಲಾದೆ, ಆ ಮಗ್ಗುಲಾದೆ. ಫೋನ್ ಸೈಲೆಂಟಿನಲ್ಲಿದೆಯೇ ಅಂತ ನೋಡಿದೆ, ಇರಲಿಲ್ಲ. ಯಾಕೆ ಯಾರೂ ಕರೆಯುತ್ತಿಲ್ಲ? ಗಿರೀಶನೇ ಎಲ್ಲ ಮಾಡಿಬಿಡುತ್ತಿದ್ದಾನೆಯೇ? ತಡೆಯಲಾಗದೆ ಎದ್ದು ಅಂಗಿ ಹಾಕಿಕೊಂಡು ಕೆಳಗಿಳಿದೆ. ಲಿಫ್ಟ್ ಓಡುತ್ತಿತ್ತು, ನಲ್ಲಿಯಲ್ಲಿ ನೀರಿತ್ತು. ವಾಚ್‌ಮನ್‌ನನ್ನು ಎಬ್ಬಿಸಿ ಏನಾದರೂ ತೊಂದರೆಯೇ ಅಂತ ಕೇಳಿದೆ.

"ಮಾಫಿ ಮುಷ್ಕಿಲ್" ಅಂದು ಅವನು ಮತ್ತೆ ಮಲಗಿದ.

ನನಗೆ ತುಂಬಾ ಬೇಜಾರಾಯಿತು.