ಒಂದು ಬಾಯ್ಲರ್ ಕೆಟ್ಟರೆ ಇನ್ನೊಂದಿರ್ತದೆ

'ಗೊತ್ತಿಲ್ಲ' ಅನ್ನೋ ಮಾತು ನನ್ನ ಬಾಯಲ್ಲಿ ಬರೋದಿಲ್ಲ. ಹಾಗಾಗಿ ಆಗಬಾರದ್ದೆಲ್ಲ ನನಗೇ ಆಗ್ತಾ ಇರ್ತದೆ. ಸಕಲೇಶಪುರದ ಸುತ್ತಿನ ಎಸ್ಟೇಟುಗಳಲ್ಲಿ ಮೂವತ್ತು ವರ್ಷ ಪಂಪ್‌ಸೆಟ್ಟು, ಜೀಪು, ಪಲ್ಪರು ರಿಪೇರಿ ಮಾಡಿದವನು ನಾನು. ಪಲ್ಪರ್ ಅಂದರೆ ಕಾಫಿ ಹಣ್ಣಿನ ಸಿಪ್ಪೆ ಸುಲಿಯೋ ಮಿಷನ್ನು. "ಮೇಸ್ತ್ರಿ, ಇದು ನಿಂಗೆ ಬರ್ತದಾ?" ಅಂತ ಯಾರಾದರೂ ಕೇಳಿದರೆ, ವಸ್ತು ಯಾವುದು ಅಂತ ನೋಡೋ ಮೊದಲೇ "ಬರ್ದೇ ಏನು?" ಅಂದುಬಿಡ್ತೀನಿ. ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷ ಆಗಿತ್ತು. ಮಾರನಹಳ್ಳಿ ಹತ್ತಿರದ ಒಂದು ಎಸ್ಟೇಟಿನ ಗೌಡ್ರ ಮನೆಗೆ ಪರದೇಶದ ಕಾಫಿ ಮಿಷನ್ನು ಬಂತು. ಇದು ಅದರ ಪಾಡು, ಜೊತೆಗೆ ನನ್ನ ಪಾಡು.

೧. ಒಂದೋ ಎರಡೋ

ಗೌಡ್ರು ನಾಲ್ಕು ಜನ ಬೆಳೆಗಾರರ ಜೊತೆ ಇಟಲಿ ನೋಡ್ಕೊಂಡು ಬಂದಿದ್ದರು. ಅಲ್ಲಿ ಎಸ್ಪ್ರೆಸೊ ಅಂತ ಕೊಡ್ತಾರಂತೆ, ಗೊಂಬೆ ಆಟದ ಸಾಮಾನಿನಷ್ಟು ಸಣ್ಣ ಕಪ್ಪಿನಲ್ಲಿ ಕಪ್ಪಗೆ, ಗಟ್ಟಿಯಾಗಿ. ಅದನ್ನು ಕುಡಿದು ಬಂದ ಮೇಲೆ ಅವರಿಗೆ ಮನೆ ಕಾಫಿ ರುಚಿಸಲೇ ಇಲ್ಲ. ಮೂರು ತಲೆಮಾರಿಂದ ಕಾಫಿ ಬೆಳೀತೀವಿ, ಕುಡಿಯೋದು ಮಾತ್ರ ಕಲೀಲಿಲ್ಲ ಮಾರಾಯ ಅಂತ ನನ್ನ ಹತ್ತಿರ ಕೊರಗಿದರು. ಆಮೇಲೆ ಒಂದು ಕ್ಯಾಟಲಾಗ್ ತೆಗೆದು ಜಗುಲಿ ಮೇಲೆ ಹರವಿದರು. ಒಂದೇ ಬಾಯ್ಲರ್ ಇರೋ ಮಿಷನ್ನೂ ಇತ್ತು, ಎರಡು ಬಾಯ್ಲರ್ ಇರೋದೂ ಇತ್ತು. ಯಾವುದು ತರಿಸಲಿ ಅಂತ ನನ್ನ ಮುಖ ನೋಡಿದರು.

ನಾನು ಆವತ್ತಿನ ತನಕ ನೋಡಿದ್ದ ಬಾಯ್ಲರ್ ಅಂದರೆ ಬಚ್ಚಲುಮನೆಯದು. ಆದರೂ ಗಂಟಲು ಸರಿಮಾಡಿಕೊಂಡು, "ಎರಡರದ್ದೇ ತರಿಸಿ ಗೌಡ್ರೇ. ಒಂದು ಕೆಟ್ರೆ ಇನ್ನೊಂದಿರ್ತದೆ" ಅಂದೆ.

ಅಲ್ಲೇ ಗೋಡೆಗೊರಗಿ ಎಲೆಅಡಿಕೆ ಹಾಕುತ್ತಿದ್ದ ಗೌಡ್ರ ತಾಯಿ ಅಮ್ಮೋರು, "ಮೇಸ್ತ್ರಿ ಮಾತಲ್ಲಿ ನ್ಯಾಯ ಐತೆ" ಅಂದರು. ಅಮ್ಮೋರಿಗೆ ಎಂಬತ್ತು ವರ್ಷ. ಎಸ್ಟೇಟು ಗೌಡ್ರದ್ದಾದರೂ ಬೀಗದ ಕೈ ಗೊಂಚಲು ಇದ್ದಿದ್ದು ಅಮ್ಮೋರ ಸೊಂಟದಲ್ಲಿ.

ಮಿಷನ್ನು ಬಂತು. ಗೌಡ್ರು ಅದರ ಪುಸ್ತಕವನ್ನು ಎರಡು ಸಲ ಓದಿದರು. ಒಂದು ಬಾಯ್ಲರು ಕಾಫಿಗೆ ನೀರು ಕಾಯಿಸೋಕ್ಕಂತೆ, ಇನ್ನೊಂದು ಹಾಲು ನೊರೆ ಬರಿಸೋ ಹಬೆಗಂತೆ. ಒಂದರ ಕೆಲಸ ಇನ್ನೊಂದು ಮಾಡೋದೇ ಇಲ್ಲವಂತೆ. ಕನ್ನಡಕದ ಮೇಲಿಂದ ನನ್ನನ್ನೇ ನೋಡಿದರು. ನಾನು ಬಿಡ್ತೀನಾ? "ಅದನ್ನೇ ಅಲ್ವಾ ನಾನೂ ಹೇಳಿದ್ದು" ಅಂದೆ.

೨. ಡಬ್ಬಿಯ ಪುಡಿ

ಮೊದಲ ದಿನ ಸ್ವಿಚ್ ಹಾಕಿದ್ವಿ. ಮಿಷನ್ನು ಗುರ್ ಅಂತು, ಒತ್ತಡದ ಮೀಟರಿನ ಮುಳ್ಳು ಸರ್ರನೆ ಏರಿತು, ಕಾಫಿ ಮಾತ್ರ ಒಂದು ತೊಟ್ಟು ಇಳಿಯಲಿಲ್ಲ. ಪಂಪ್ ಹೋಗಿದೆ ಅಂತ ಹೇಳಿ ಪಂಪ್ ಬಿಚ್ಚಿದೆ, ಚೆನ್ನಾಗೇ ಇತ್ತು. ಹಾಗಾದರೆ ವಾಲ್ವ್ ಅಂತ ಅದನ್ನೂ ಬಿಚ್ಚಿದೆ. ಮಧ್ಯಾಹ್ನದ ಹೊತ್ತಿಗೆ ಊಟದ ಮೇಜಿನ ತುಂಬ ನಟ್ಟು ಬೋಲ್ಟು. ಅಮ್ಮೋರು ಬಂದು ನಿಂತು ನೋಡಿದರು. ಯಾವ ಪುಡಿ ಹಾಕಿದೆ ಅಂತ ಕೇಳಿದರು. ಅಡುಗೆಮನೆ ಡಬ್ಬಿದು ಅಂದೆ.

"ಅದ್ರಲ್ಲಿ ಅರ್ಧ ಚಿಕೋರಿ ಐತಲ್ಲೋ" ಅಂದರು.

ಚಿಕೋರಿ ನೆನೆದರೆ ಅಂಟು. ಒತ್ತಿ ತುಂಬಿದ ಜರಡಿಯ ತೂತುಗಳೆಲ್ಲ ಮುಚ್ಚಿಹೋಗಿ ನೀರಿಗೆ ದಾರಿ ಇರಲಿಲ್ಲ. ಬರೀ ಕಾಫಿ ಬೀಜದ ಪುಡಿ ಬೇಕಾಗಿತ್ತು. ಹುಡುಕಿದರೆ ಆ ಮನೆಯಲ್ಲಿ ಒಂದು ಹಿಡಿ ಒಳ್ಳೇ ಬೀಜ ಇಲ್ಲ. ಕಿಟಕಿ ತೆಗೆದರೆ ಕಣ್ಣು ಹೋಗೋವರೆಗೆ ಕಾಫಿ ಗಿಡ, ಆದರೆ ಒಳ್ಳೇದೆಲ್ಲ ಮಾರಾಟಕ್ಕೆ ಹೋಗಿ ಮನೆಗೆ ಉಳಿಯೋದು ಒಡಕು, ಕಪ್ಪು, ಚೂರು. ಕೊನೆಗೆ ಗೌಡ್ರು ಮುಖ ಸಣ್ಣದು ಮಾಡಿಕೊಂಡು ಸಕಲೇಶಪುರದ ಪೇಟೆಗೆ ಹೋಗಿ, ತಾವೇ ಪ್ರತಿವರ್ಷ ಕಾಫಿ ಮಾರೋ ವ್ಯಾಪಾರಿ ಸಾಹೇಬರ ಅಂಗಡಿಯಲ್ಲಿ ಎರಡು ಕೆಜಿ ಬೀಜ ಕೇಳಿದರು. ಸಾಹೇಬರು ಬಹಳ ಮರ್ಯಾದೆಯಿಂದ ಕೂರಿಸಿ, "ನಿಮ್ಮ ತೋಟದ್ದೇ ಕೊಡ್ಲಾ ಗೌಡ್ರೇ, ಇಲ್ಲಾ ಚೆನ್ನಾಗಿರೋದು ಕೊಡ್ಲಾ?" ಅಂತ ಕೇಳಿದರಂತೆ.

೩. ಧಾರಾವಾಹಿ

ಆ ಬೀಜ ಹುರಿದು ಪುಡಿಮಾಡಿ ಹಾಕಿದ ಮೇಲೆ ಕಾಫಿ ಇಳಿಯಿತು. ಆದರೆ ಎರಡು ಬಾಯ್ಲರೂ ಒಟ್ಟಿಗೆ ಕಾಯೋಕ್ಕೆ ಶುರುವಾದರೆ ಮನೆಯ ಬಲ್ಬುಗಳೆಲ್ಲ ಬುಡ್ಡಿದೀಪದ ಹಾಗೆ ಮಂಕಾಗಿ ಫ್ಯೂಸ್ ಹಾರುತ್ತಿತ್ತು. ಗೌಡ್ರು ಎಸ್ಪ್ರೆಸೊ ಕುಡಿಯೋದು ಸಂಜೆ. ಅಮ್ಮೋರು ಟಿವಿ ನೋಡೋದೂ ಸಂಜೆ. ಅವರ ಧಾರಾವಾಹಿಯಲ್ಲಿ ಸೊಸೆ ಒಂದು ಗುಟ್ಟು ಹೇಳೋಕ್ಕೆ ಬಾಯಿ ತೆರೆದಿದ್ದಳು. ಸೋಮವಾರ ತೆರೆದಳು, ಫ್ಯೂಸ್ ಹೋಯಿತು. ಮಂಗಳವಾರ ತೆರೆದಳು, ಮತ್ತೆ ಹೋಯಿತು. ಬುಧವಾರ ಅಮ್ಮೋರು ನನಗೆ ಹೇಳಿಕಳಿಸಿದರು.

"ನೋಡು ಮೇಸ್ತ್ರಿ, ಪಲ್ಪರ್ ಪೂಜೆ ದಿನ ಈ ಮಿಷನ್ನಲ್ಲಿ ನಂಗೊಂದು ಲೋಟ ಕಾಫಿ ಆಗ್ಬೇಕು. ನಾನು ತಳದವರೆಗೂ ಕುಡಿಯೋ ಅಂಥದ್ದು. ಆಗ್ಲಿಲ್ಲ ಅಂದ್ರೆ ಮಿಷನ್ನು ಅಟ್ಟಕ್ಕೆ, ನೀನು ಮನೆಗೆ. ಒಂದು ಲೋಟ ಕಾಫಿ ಮಾಡಕ್ಕೆ ಬರ್ದೇ ಇರೋನ ಕೈಗೆ ಪಲ್ಪರ್ ಯಾಕೆ ಕೊಡ್ಲಿ?"

ಪಲ್ಪರ್ ಪೂಜೆ ಅಂದರೆ ಕುಯ್ಲಿನ ಹಂಗಾಮು ಶುರುವಾಗೋ ದಿನ. ಹಣ್ಣು ಕುಯ್ಯೋ ಮೂರು ತಿಂಗಳು ಆ ಪಲ್ಪರು ನೋಡಿಕೊಳ್ಳೋದೇ ನನ್ನ ವರ್ಷದ ದೊಡ್ಡ ಕೆಲಸ. ಅದು ಹೋದರೆ ಉಳಿದ ಎಸ್ಟೇಟಿನವರೂ ಕರೆಯಲ್ಲ, ಅಮ್ಮೋರು ಬಿಟ್ಟರಂತೆ ಅನ್ನೋ ಮಾತು ಒಂದೇ ದಿನಕ್ಕೆ ಘಾಟಿ ಇಳಿಯುತ್ತೆ. "ಆಯ್ತು ಅಂತ್ಲೇ ತಿಳ್ಕಳಿ ಅಮ್ಮೋರೇ" ಅಂದೆ. ಕರೆಂಟ್ ಮೀಟರಿನಿಂದ ಮಿಷನ್ನಿಗೆ ಬೇರೆ ದಪ್ಪ ವೈರ್ ಎಳೆದೆ. ಆದರೂ ಧೈರ್ಯ ಸಾಲದೆ ಮಿಷನ್ನಿನ ಮೇಲೆ ಒಂದು ಬೋರ್ಡು ಬರೆದು ಅಂಟಿಸಿದೆ: 'ಧಾರಾವಾಹಿ ಮುಗಿಯುವ ತನಕ ಕಾಫಿ ಇಲ್ಲ.'

೪. ಮಗ್ಗೆಯ ನೀರು

ತಿಂಗಳೊಳಗೆ ಹೊಸ ತೊಂದರೆ. ಹಬೆ ಬರೋ ಕೊಳವೆಯಿಂದ ನೀರೇ ಸುರಿಯೋಕ್ಕೆ ಹಿಡೀತು. ಎರಡು ದಿನ ತಲೆ ಕೆರಕೊಂಡ ಮೇಲೆ ಹೊಳೀತು. ಹಬೆ ಬಾಯ್ಲರಿನೊಳಗೆ ಒಂದು ಕಡ್ಡಿ ಐತೆ. ನೀರು ಅದಕ್ಕೆ ಮುಟ್ಟಿದಾಗ ನೀರಿನಲ್ಲಿ ಒಂಚೂರು ಕರೆಂಟು ಹರಿದು, ಸಾಕು ಅಂತ ಮಿಷನ್ನಿಗೆ ತಿಳೀಬೇಕು. ಗೌಡ್ರ ಮನೆಗೆ ಬರೋದು ಗುಡ್ಡದ ಒರತೆ ನೀರು, ಬ್ಯಾಟರಿಗೆ ಹಾಕೋ ನೀರಿನಷ್ಟೇ ತಿಳಿ. ಅದರಲ್ಲಿ ಕರೆಂಟು ಹರಿಯಲ್ಲ. ಹೊಟ್ಟೆ ತುಂಬಿದ್ದು ತಿಳಿಯದೆ ಮಿಷನ್ನು ಕುಡೀತಾನೇ ಇತ್ತು.

ಮದ್ದು ನಮ್ಮ ಮನೆಯಲ್ಲೇ ಇತ್ತು. ನಮ್ಮೂರು ಆಲೂರಿನ ಕಡೆಯ ಮಗ್ಗೆ. ನಮ್ಮ ಬೋರ್‌ವೆಲ್ ನೀರಲ್ಲಿ ಸೋಪು ನೊರೆ ಬರಲ್ಲ, ಬೇಳೆ ಬೇಯಲ್ಲ, ಹಂಡೆ ಒಳಗೆಲ್ಲ ಸುಣ್ಣ. ಒಂದು ಕ್ಯಾನ್ ತಂದು ಹಾಕಿದೆ, ಮಿಷನ್ನು ಗಪ್‌ಚಿಪ್ ಸರಿಯಾಯಿತು. ಸ್ವಲ್ಪ ಬೆರೆಸಿದ್ದರೆ ಸಾಕಿತ್ತು ಅಂತ ಈಗ ಗೊತ್ತು. ಆಗ ಪೂರ್ತಿ ಅದನ್ನೇ ಹಾಕೋದು ಅಂತ ಅಪ್ಪಣೆ ಕೊಟ್ಟೆ. ಅಲ್ಲಿಂದ ವಾರಕ್ಕೊಂದು ಕ್ಯಾನ್ ಮಗ್ಗೆ ನೀರು ಗುಡ್ಡ ಹತ್ತೋದು, ಬರುವಾಗ ಅದೇ ಕ್ಯಾನಿನಲ್ಲಿ ಅವರ ಒರತೆ ನೀರು ನಮ್ಮನೆ ಬೇಳೆಗೆ ಇಳಿಯೋದು. ನನ್ನ ಹೆಂಡತಿ ನಗಾಡಿದಳು. ನಮ್ಮ ಕೆಟ್ಟ ನೀರು ಅವರಿಗೆ, ಅವರ ಒಳ್ಳೇ ನೀರು ನಮಗೆ, ಅಷ್ಟಾದರೂ ಅವರು ನಿಮ್ಮನ್ನು ಸುಮ್ನೆ ಬಿಟ್ಟವ್ರಾ ಅಂದಳು. "ಬಿಡೋದೇನು, ಕೂರಿಸಿ ಕಾಫಿ ಕೊಡ್ತಾರೆ ಕಣೇ" ಅಂದೆ.

೫. ಪೂಜೆಯ ದಿನ

ಆರೇಳು ತಿಂಗಳು ಗೌಡ್ರು ಸುಖವಾಗಿ ಎಸ್ಪ್ರೆಸೊ ಕುಡಿದರು. ಅಮ್ಮೋರು ಮೂಸಿಯೂ ನೋಡಲಿಲ್ಲ. ನನ್ನ ದಿನ ಪೂಜೆ ದಿನ ಅಂತ ಕೂತಿದ್ದರು.

ಆ ಬೆಳಿಗ್ಗೆ ಪಲ್ಪರಿಗೆ ಹೂವು ಹಾಕಿ, ತೆಂಗಿನಕಾಯಿ ಒಡೆದು ಎಲ್ಲರೂ ಜಗುಲಿಗೆ ಬಂದರು. ಎಸ್ಟೇಟಿನ ಲೆಕ್ಕ ಬರೆಯೋ ರೈಟರು, ಲೈನ್‌ಮನೆಗಳ ಆಳುಗಳು, ಪಕ್ಕದ ತೋಟದ ಸಾಹುಕಾರ್ರು, ಎಲ್ಲರಿಗೂ ಈ ಪಂಥದ ವಿಷಯ ಗೊತ್ತಿತ್ತು. ಅಮ್ಮೋರು ಕುರ್ಚಿ ಹಾಕಿಸಿಕೊಂಡು ಮಿಷನ್ನಿನ ಎದುರಿಗೇ ಕೂತರು. ಸ್ವಿಚ್ ಹಾಕಿದೆ. ಹಬೆ ಬಾಯ್ಲರು ಬುಸುಗುಟ್ಟಿತು. ಕಾಫಿ ಬಾಯ್ಲರು ತಣ್ಣಗೆ ಕೂತಿತ್ತು. ಗಡಿಬಿಡಿಯಲ್ಲಿ ಬಿಚ್ಚಿದೆ. ಒಳಗಿನ ಹೀಟರಿನ ಮೇಲೆ ಹೆಬ್ಬೆರಳು ದಪ್ಪ ಬಿಳಿ ಸುಣ್ಣ ಕಟ್ಟಿ ಹೀಟರು ಸುಟ್ಟುಹೋಗಿತ್ತು. ಸುಣ್ಣ ಎಲ್ಲಿಯದು ಅಂತ ಅಷ್ಟು ಜನರಲ್ಲಿ ನನಗೊಬ್ಬನಿಗೇ ಗೊತ್ತು. ನಮ್ಮನೆ ಹಂಡೆಯಲ್ಲಿ ದಿನಾ ನೋಡೋದೇ ತಾನೇ!

ಸ್ಪ್ಯಾನರ್ ಕೆಳಗಿಟ್ಟೆ. ಮೂವತ್ತು ವರ್ಷದಲ್ಲಿ ಮೊದಲ ಸಲ ನನ್ನ ದನಿ ಸಣ್ಣಗಾಯಿತು. "ಆಗಲ್ಲ ಅಮ್ಮೋರೇ. ಕಾಫಿ ಬಾಯ್ಲರ್ ಹೋಗ್ಬುಟ್ಟೈತೆ."

ಗೌಡ್ರು ಹಣೆ ಒತ್ತಿಕೊಂಡರು. ಅಮ್ಮೋರು ಮಾತ್ರ ಅಲ್ಲಾಡಲಿಲ್ಲ. "ಒಂದು ತಾನೇ ಹೋಗಿರೋದು? ಒಂದು ಕೆಟ್ರೆ ಇನ್ನೊಂದಿರ್ತದೆ ಅಂತ ನೀನೇ ಅಂದಿದ್ಯಲ್ಲ. ಇನ್ನೊಂದು ಐತಾ?"

"ಐತೆ" ಅಂದೆ.

ಎದ್ದು ಒಳಗೆ ಹೋದರು. ಹಿತ್ತಾಳೆ ಫಿಲ್ಟರಿನಲ್ಲಿ ಬೆಳಿಗ್ಗೆಯೇ ಇಳಿದಿದ್ದ ತಮ್ಮ ಚಿಕೋರಿ ಡಿಕಾಕ್ಷನ್ನಿಗೆ ಹಾಲು, ಬೆಲ್ಲ ಹಾಕಿಕೊಂಡು ದೊಡ್ಡ ಲೋಟದಲ್ಲಿ ತಂದರು. ಹಬೆ ಕೊಳವೆಗೆ ಲೋಟ ಹಿಡಿದು, ತಿರುಗಿಸು ಅಂದರು. ತಿರುಗಿಸಿದೆ. ಬುಸ್ ಅಂತ ಹಬೆ ನುಗ್ಗಿ ಲೋಟದ ಅಂಚಿನ ತನಕ ನೊರೆ ಎದ್ದಿತು. ಅಮ್ಮೋರು ನಿಂತಲ್ಲೇ ಒಂದೇ ಉಸಿರಿಗೆ ಕುಡಿದು, ಎಲ್ಲರಿಗೂ ಕಾಣೋ ಹಾಗೆ ಲೋಟ ಬೋರಲು ಹಾಕಿದರು. ಮೇಲ್ತುಟಿಯ ಮೇಲೆ ಬಿಳಿ ಮೀಸೆ.

"ಇಷ್ಟು ದಿನ ನನ್ನ ಮಗ ಮಿಷನ್ನಿನ ಕೆಟ್ಟ ಕಡೆಯಿಂದ ಕುಡೀತಿದ್ದ" ಅಂದರು. ಸೊಂಟದ ಗೊಂಚಲಿನಿಂದ ಪಲ್ಪರ್ ಮನೆ ಬೀಗದ ಕೈ ಬಿಚ್ಚಿ ನನ್ನ ಕೈಗೆ ಹಾಕಿದರು. ಗೌಡ್ರು ಏನೋ ಹೇಳೋಕ್ಕೆ ಬಾಯಿ ತೆರೆದರು. ಅಷ್ಟರಲ್ಲಿ ಜನ ಲೋಟ ಹಿಡಿದು ಸಾಲು ನಿಂತಿದ್ದರು, ಅವರೂ ಒಂದು ಲೋಟ ಹಿಡಿದು ಹಿಂದೆ ನಿಂತರು. ನನಗೆ ಹೋದ ಜೀವ ಬಂದಿತ್ತು.

ಆ ಸಾಲಿನಲ್ಲಿ ನಿಂತು ಎರಡು ಲೋಟ ಕುಡಿದಿದ್ದ ಪಕ್ಕದ ತೋಟದ ಸಾಹುಕಾರ್ರು ಮುಂದಿನ ವಾರ ಕ್ಯಾಟಲಾಗ್ ಹಿಡಿದು ನನ್ನನ್ನೇ ಹುಡುಕಿಕೊಂಡು ಬಂದರು. ಒಂದು ಬಾಯ್ಲರಿಂದೋ, ಎರಡರದ್ದೋ ಅಂತ ಕೇಳಿದರು.

"ಎರಡರದ್ದೇ ತರಿಸಿ ಸಾಹುಕಾರ್ರೇ. ಒಂದು ಕೆಟ್ರೆ ಇನ್ನೊಂದಿರ್ತದೆ" ಅಂದೆ. ಈ ಸಲ ಅನುಭವದಿಂದಲೇ ಹೇಳಿದ್ದು.