ಒಂದೇ ಹಾಡಿನ ಅಂಬಿಗ

ಸಂಗೀತ ನಾಟಕಗಳಲ್ಲಿ ರಾಜನ ಪಾರ್ಟು ಮಾಡುವವನನ್ನು ಕಂಡು ನನಗೆ ಎಂದೂ ಹೊಟ್ಟೆಕಿಚ್ಚು ಬಂದದ್ದಿಲ್ಲ. ಅವನಿಗೆ ಸಿಟ್ಟು ಬಂದರೆ ಒಂದು ಹಾಡು, ಬಾಯಾರಿದರೆ ಒಂದು ಹಾಡು, ನಿದ್ದೆ ಬಂದರೂ ಒಂದು ಹಾಡು. ಅಷ್ಟು ಹಾಡುಗಳ ನಡುವೆ ಯಾವುದೂ ಜನರ ತಲೆಯಲ್ಲಿ ನಿಲ್ಲುವುದಿಲ್ಲ. ಮಾರನೆಯ ದಿನ ಅವನು ಹಾಯಾಗಿ ತನ್ನ ಅಂಗಡಿಯಲ್ಲಿ ಕೂತು ಬೆಲ್ಲ ತೂಗಬಹುದು. ಕಷ್ಟವಿರುವುದು ಒಂದೇ ಹಾಡಿನವರಿಗೆ. ಓಲೆ ತರುವ ದೂತ, ಹೂ ಮಾರುವ ಮುದುಕಿ, ಸೆರೆಮನೆಯ ಕಾವಲುಗಾರ, ಇವರೆಲ್ಲ ರಂಗದ ಮೇಲೆ ಒಂದು ಸಲ ಬರುತ್ತಾರೆ, ಒಂದು ಹಾಡು ಹೇಳುತ್ತಾರೆ, ಹೋಗುತ್ತಾರೆ. ಆಮೇಲೆ ಅವರು ಬದುಕಿದರೋ ಸತ್ತರೋ ಎಂದು ಕಥೆಯಲ್ಲಿ ಯಾರೂ ಕೇಳುವುದಿಲ್ಲ. ಆದರೆ ಆ ಒಂದು ಹಾಡೇನಾದರೂ ಜನಕ್ಕೆ ಹಿಡಿಸಿಬಿಟ್ಟಿತೋ, ಹಾಡಿದವನ ಕಥೆ ಮುಗಿಯಿತೆಂದೇ ತಿಳಿಯಬೇಕು. ನನ್ನ ಕಥೆ ಹಾಗೆ ಮುಗಿದದ್ದನ್ನು ಹೇಳುತ್ತೇನೆ, ಕೇಳಿ.

ನರಸಿಂಹರಾಜಪುರದ ಪೇಟೆಯಲ್ಲಿ ನನ್ನದೊಂದು ಸಣ್ಣ ಜವಳಿ ಅಂಗಡಿ. ಪಕ್ಕದಲ್ಲಿ ಬಷೀರ್ ಸಾಹೇಬರ ಹೊಗೆಸೊಪ್ಪಿನ ಅಂಗಡಿ. ಸಾಹೇಬರು ಹಾರ್ಮೋನಿಯಂ ಪೇಟಿ ನುಡಿಸುವುದರಲ್ಲಿ ಗಟ್ಟಿಗರು. ಎಪ್ಪತ್ತರ ದಶಕ ಮುಗಿಯುತ್ತ ಬಂದ ಹೊತ್ತಿಗೆ ಪೇಟೆಯ ವರ್ತಕರೆಲ್ಲ ಸೇರಿ ಒಂದು ನಾಟಕ ಆಡುವುದೆಂದಾಯಿತು. ರಾಜ್ಯ ಕಳೆದುಕೊಂಡ ರಾಜ, ಹೊಳೆ ದಾಟಿ ಕಾಡಿಗೆ ಹೋಗುವ ರಾಣಿ, ಕೊನೆಯಲ್ಲಿ ಎಲ್ಲರಿಗೂ ಎಲ್ಲವೂ ವಾಪಸು ಸಿಗುವ ಕಥೆ. ರಾಣಿಯ ಸೀರೆ ನನ್ನ ಅಂಗಡಿಯಿಂದ ಬರಬೇಕಾಗಿತ್ತಾದ್ದರಿಂದ ನನಗೂ ಒಂದು ಪಾರ್ಟು ಕೊಡದೆ ಅವರಿಗೆ ವಿಧಿಯಿರಲಿಲ್ಲ. ರಾಣಿಯನ್ನು ಹೊಳೆ ದಾಟಿಸುವ ಅಂಬಿಗನ ಪಾರ್ಟು ಕೊಟ್ಟರು. ಮಾತಿಲ್ಲ, ಒಂದು ಹಾಡು, ಅದರಲ್ಲೂ ಎರಡೇ ಸಾಲು:

ಅಂಜಬೇಡ ಏರು ತಾಯಿ, ಆಚೆ ದಡವು ದೂರವಿಲ್ಲ,
ಹೊತ್ತ ಭಾರ ಇಲ್ಲೇ ಇಳಿಸು, ಹೊಳೆಗೆ ಯಾರ ಹಂಗೂ ಇಲ್ಲ.

ದೋಣಿಯೆಂದರೆ ಹಲಗೆಗೆ ಗಾಲಿ ಹೊಡೆದು, ಮುಂದೆ ಬಣ್ಣದ ರಟ್ಟು ಕಟ್ಟಿದ್ದು. ಪರದೆಯ ಹಿಂದಿನಿಂದ ಇಬ್ಬರು ಹಗ್ಗ ಹಿಡಿದು ಎಳೆಯಬೇಕು, ನಾನು ಹುಟ್ಟು ಹಾಕುತ್ತ ರಟ್ಟಿನ ಹಿಂದೆ ನಡೆಯಬೇಕು. ಪ್ರಾಕ್ಟೀಸಿನಲ್ಲಿ ರಾಣಿ ಇಲ್ಲದೆ ಎಳೆದಿದ್ದರು. ನಾಟಕದ ದಿನ ರಾಣಿಯಾದ ಅಕ್ಕಿ ಅಂಗಡಿಯ ಸಿದ್ದಪ್ಪನವರು ದೋಣಿಗೆ ಕಾಲಿಟ್ಟದ್ದೇ ತಡ, ದೋಣಿ ಹೊಳೆಯ ನಟ್ಟನಡುವೆ ನಿಂತುಬಿಟ್ಟಿತು. ಹಿಂದಿದ್ದವರು ಜಗ್ಗಿದರು. ಜಗ್ಗಿದ ಭರಕ್ಕೆ ಗಾಲಿ ಸರಿಯಾಗಿ ನನ್ನ ಹೆಬ್ಬೆರಳಿನ ಮೇಲೆ ಬಂದು ಕೂತಿತು. ಹಾಡು ಮುಗಿದರೂ ದಡ ಬರಲಿಲ್ಲ. ಬಷೀರ್ ಸಾಹೇಬರು ಪೇಟಿ ಬಿಡದೆ, ಹಾಡು ಹಾಡು ಎಂದು ಕಣ್ಣಲ್ಲೇ ಹೇಳಿದರು. ಬೇರೆ ಸಾಲು ಇದ್ದರೆ ತಾನೆ? ಅದೇ ಎರಡು ಸಾಲನ್ನು ಮತ್ತೆ ಮತ್ತೆ ಹಾಡಿದೆ. ಬೆರಳಿನ ನೋವು ಕಾಲಿಂದ ಎದೆಗೇರಿ, ಎದೆಯಿಂದ ಕಂಠಕ್ಕೇರಿ, ಕೊನೆಗೆ ಕಣ್ಣಲ್ಲಿ ಇಳಿಯಿತು. ಸಭೆಯಲ್ಲಿ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಗಂಡಸರೂ ಮೂಗು ಒರೆಸಿದರು. ಆ ಹೊತ್ತಿನಲ್ಲಿ ನನ್ನ ಬೆರಳಿನ ಉಗುರು ಹೋಯಿತು, ಊರಿಗೆ ಮಾತ್ರ ಅದು ಭಕ್ತಿ ಅಂತ ಕಂಡಿತು.

ಆಮೇಲೆ ಕೊಪ್ಪದಲ್ಲೂ ಶೃಂಗೇರಿಯಲ್ಲೂ ಅದೇ ನಾಟಕ ಆಡಿದೆವು. ರಾಜನ ಹಾಡಿಗೆ ಜನ ಬೀಡಿ ಸೇದಲು ಎದ್ದು ಹೋಗುತ್ತಿದ್ದರು, ದೋಣಿ ಬಂತೆಂದರೆ ಓಡಿ ಬಂದು ಕೂರುತ್ತಿದ್ದರು. ಇಷ್ಟಕ್ಕೇ ನಿಂತಿದ್ದರೆ ನಾನೂ ಮೀಸೆ ತಿರುವಿಕೊಂಡು ಇರುತ್ತಿದ್ದೆ. ಆದರೆ ಆ ವರ್ಷವೇ ನಮ್ಮ ಪೈಕಿ ಹಿರಿಯರೊಬ್ಬರು ತೀರಿಕೊಂಡರು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಮಡಿ ಬಟ್ಟೆ ಉಡಿಸಿ, ವಿಭೂತಿ ಹಚ್ಚಿ, ಗೋಡೆಗೆ ಆನಿಸಿ ಪದ್ಮಾಸನದಲ್ಲಿ ಕೂರಿಸುತ್ತೇವೆ. ಎದುರಿಗೆ ಭಜನೆ. ಹೊರಗೆ ಬಿದಿರಿನ ವಿಮಾನ ಕಟ್ಟಿ, ಅದರಲ್ಲೂ ಕೂರಿಸಿಕೊಂಡೇ ಸಮಾಧಿಗೆ ಒಯ್ಯುವುದು. ಆ ದಿನ ವಿಮಾನ ಎತ್ತುವ ಮುಂಚೆ ಯಾರೋ, "ರುದ್ರಣ್ಣ, ನಿಮ್ಮ ದೋಣಿ ಪದ ಒಂದು ಆಗ್ಲಿ ಮಾರಾಯ್ರೆ," ಎಂದರು. ತಾಯಿ ಎಂಬಲ್ಲಿ ತಂದೆ ಎಂದು ಹಾಕಿ ಹಾಡಿದೆ. ಮನೆಯೆಲ್ಲ ಗೊಳೋ ಎಂದಿತು. ಅಂದಿನಿಂದ ಬಾಳೆಹೊನ್ನೂರಿನವರೆಗೆ ನಮ್ಮವರಲ್ಲಿ ಯಾರೇ ಹೋಗಲಿ, ಆ ಹಾಡಿಲ್ಲದೆ ವಿಮಾನ ಎತ್ತುವುದು ಸರಿಯಲ್ಲ ಅಂತಾಯಿತು. ನನ್ನದು ಜವಳಿ ಅಂಗಡಿಯಾದದ್ದು ಅವರಿಗೆ ಇನ್ನೂ ಅನುಕೂಲ. ಹೆಣಕ್ಕೆ ಬಿಳಿ ಬಟ್ಟೆ ಒಯ್ಯಲು ಬಂದವರು ನನ್ನನ್ನೂ ಅದೇ ಜೀಪಿಗೆ ಹತ್ತಿಸಿಕೊಳ್ಳುತ್ತಿದ್ದರು.

ಬರಬರುತ್ತ ಕಾಯಿಲೆಯವರಿಗೆ ನಾನೆಂದರೆ ನಡುಕ ಹುಟ್ಟತೊಡಗಿತು. ಭಂಡಿಗಡಿಯಲ್ಲಿ ನನಗೆ ಅಕ್ಷರ ಕಲಿಸಿದ ಮೇಷ್ಟ್ರೊಬ್ಬರಿದ್ದರು. ಜಾರಿಬಿದ್ದು ಕಾಲು ಉಳುಕಿದೆ ಎಂದು ಕೇಳಿ, ಕಿತ್ತಳೆ ಹಣ್ಣು ಹಿಡಿದು ನೋಡಲು ಹೋದೆ. ಬಾಗಿಲಲ್ಲಿ ನನ್ನನ್ನು ಕಂಡವರೇ ಅವರ ಹೆಂಡತಿ ಸೆರಗು ಬಾಯಿಗೆ ಹಿಡಿದು ಒಳಗೋಡಿದರು. ಮೇಷ್ಟ್ರು ಮಂಚದ ಮೇಲೆ ಎದ್ದು ಕೂತು, "ಯಾರೋ ನಿನ್ನ ಕಳಿಸಿದ್ದು? ಡಾಕ್ಟ್ರು ಎಂತ ಹೇಳಿದಾರೆ, ನಿಜ ಹೇಳು," ಎಂದರು. ಕಾಲು ಮಾತ್ರ ಉಳುಕಿರುವುದು ಸಾರ್ ಎಂದು ನಾನು ಎಷ್ಟು ಹೇಳಿದರೂ ನಂಬಲಿಲ್ಲ. ಹಣ್ಣನ್ನು ಮುಟ್ಟಲಿಲ್ಲ. ಆಮೇಲೆ ಅವರು ಗುಣವಾಗಿ, ಊರೆಲ್ಲ ಕೋಲೂರಿಕೊಂಡು ಓಡಾಡಿದರೂ ನನ್ನ ಅಂಗಡಿಯ ಕಡೆಗೆ ಮಾತ್ರ ಸುಳಿಯಲಿಲ್ಲ. ಯಮನಿಗೂ ಒಂದು ಕೋಣವಿದೆ, ನನಗೆ ಅದೂ ಇಲ್ಲ, ಬಸ್ಸಿನಲ್ಲೇ ಹೋಗಬೇಕು. ಹೀಗೆ ಹೇಳಿ ಹೆಂಡತಿಯನ್ನು ನಗಿಸಲು ನೋಡಿದೆ. ಅವಳು ನಗಲಿಲ್ಲ.

ಇಷ್ಟನ್ನೆಲ್ಲ ನಾನು ಸಹಿಸಿಕೊಂಡಿದ್ದೆ. ಸಹಿಸಲಾಗದ್ದು ಬಂದದ್ದು ನನ್ನ ಪಾರ್ವತಕ್ಕ ಮಲಗಿದಾಗ. ಅಮ್ಮ ಹೋದ ಮೇಲೆ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳು. ಶೆಟ್ಟಿಕೊಪ್ಪಕ್ಕೆ ಮದುವೆಯಾಗಿ ಹೋಗುವಾಗ ಗಂಡನ ಮನೆಗೆ ನನ್ನನ್ನೂ ಕರೆದುಕೊಂಡು ಹೋಗುತ್ತೇನೆಂದು ಹಟ ಮಾಡಿದವಳು. ಹೊಟ್ಟೆಯಲ್ಲಿ ಗಡ್ಡೆ ಅಂದರು. ಕೊಪ್ಪದ ಆಸ್ಪತ್ರೆ, ಅಲ್ಲಿಂದ ಶಿವಮೊಗ್ಗ, ಅಲ್ಲಿಂದ ವಾಪಸು ಮನೆ. ಮನೆಗೆ ಕರೆದುಕೊಂಡು ಹೋಗಿ ಅಂದರೆ ಏನು ಅರ್ಥ ಅಂತ ಎಲ್ಲರಿಗೂ ಗೊತ್ತಿತ್ತು, ಅವಳೊಬ್ಬಳಿಗೆ ಬಿಟ್ಟು. ಅವಳಿಗೆ ಬರೀ ಅಜೀರ್ಣ ಅಂತ ಹೇಳಿದ್ದರು.

ಸುದ್ದಿ ಕೇಳಿದವನೇ ಅಂಗಡಿಗೆ ಬಾಗಿಲು ಹಾಕಿ ಬಸ್ಸು ಹತ್ತಿದೆ. ಶೆಟ್ಟಿಕೊಪ್ಪದಲ್ಲಿ ಇಳಿದರೆ ಭಾವ ದಾರಿಯಲ್ಲೇ ಅಡ್ಡ ಬಂದರು. ಒಳ್ಳೆಯ ಮನುಷ್ಯ, ಕಣ್ಣು ಕೆಂಪಾಗಿತ್ತು. "ರುದ್ರಣ್ಣ, ಬೈಕಬೇಡ. ನೀನು ಒಳಗೆ ಬಂದ್ರೆ ಅವಳಿಗೆ ಗೊತ್ತಾಗಿಬಿಡ್ತದೆ. ನಾವೆಲ್ಲ ಸುಳ್ಳು ಹೇಳ್ತಾ ಇದೀವಿ. ನಿನ್ನ ಮುಖ ಸುಳ್ಳು ಹೇಳದಿಲ್ಲ," ಎಂದರು. ನನಗೆ ಕೋಪ ಬಂತು. ಅಕ್ಕನನ್ನು ನೋಡಲು ತಮ್ಮನಿಗೆ ಅಪ್ಪಣೆ ಬೇಕೇ? ಬೇಕಾಗಿತ್ತು. ಕೊಟ್ಟಿಗೆಯ ಹತ್ತಿರ ನಿಂತು, ಕಿಟಕಿಯಿಂದ ಅವಳು ಕೆಮ್ಮುವುದನ್ನು ಕೇಳಿಸಿಕೊಂಡು ವಾಪಸು ಬಂದೆ. ಆಮೇಲೆ ನನ್ನ ಹೆಂಡತಿ ಗಿರಿಜೆ ಹೋಗಿ ಬರುತ್ತಿದ್ದಳು, ಗಂಜಿ ಕುಡಿದಳು, ಕುಡಿಯಲಿಲ್ಲ ಎಂದು ನನಗೆ ವರದಿ ಒಪ್ಪಿಸುತ್ತಿದ್ದಳು. ನಾನು ಅಂಗಡಿಯಲ್ಲಿ ಕೂತು ಯಾರಿಗೋ ಲಂಗದ ಬಟ್ಟೆ ಹರಿಯುತ್ತಿದ್ದೆ. ಎರಡು ಸಾಲು ಹಾಡಿ ನಾಡಿನವರ ಅಕ್ಕಂದಿರನ್ನೆಲ್ಲ ದಾಟಿಸಿದವನಿಗೆ ಸ್ವಂತ ಅಕ್ಕನ ಮನೆಯ ಹೊಸ್ತಿಲು ದಾಟಲು ಆಗಲಿಲ್ಲವಲ್ಲ ಎಂದು ಸಂಕಟವಾಗುತ್ತಿತ್ತು. ಅವಳು ಹೋದ ಮೇಲೆ ಎಲ್ಲರಿಗಿಂತ ಮೊದಲು ನನ್ನನ್ನೇ ಕರೆಯುತ್ತಾರೆ ಎಂಬುದನ್ನು ನೆನೆದರೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ದಿನ ಗಿರಿಜೆ ಬಂದು, "ಕೇಳಿದ್ರಾ, ಅತ್ತಿಗೆ ನಿಮ್ಮನ್ನ ಬರಕ್ಕೆ ಹೇಳಿದಾರೆ," ಎಂದಳು.

"ಭಾವ?"

"ಅವರ ಎದುರಿಗೇ ಹೇಳಿದ್ದು. ಆ ದೋಣಿಯವನಿಗೆ ಬರಕ್ಕೆ ಹೇಳು, ನನಗೆ ಎಲ್ಲ ಗೊತ್ತು, ಅವನು ಬರದೆ ಇರೋದು ನೋಡೇ ಗೊತ್ತಾಯ್ತು, ಅಂದ್ರು."

ನಮ್ಮ ಬುದ್ಧಿವಂತಿಕೆ ಇಷ್ಟೇ. ನಾನು ಹೋದರೆ ತಿಳಿಯುತ್ತದೆ ಎಂದು ತಡೆದರು, ಹೋಗದೆ ಇದ್ದದ್ದರಿಂದಲೇ ಅವಳಿಗೆ ತಿಳಿಯಿತು. ಅಜೀರ್ಣಕ್ಕಾದರೆ ಓಡಿ ಬಂದು ಬೈದು ಹೋಗುವ ತಮ್ಮ ಅವಳದು.

ಬೆಳಗಿನ ಬಸ್ಸಿಗೆ ಹೋದೆ. ಅಕ್ಕ ಜಗಲಿಯ ಮೇಲೆ ಬಿಸಿಲಿಗೆ ಮಲಗಿದ್ದಳು. ಇಷ್ಟೇ ಇಷ್ಟು ಆಗಿದ್ದಳು. ನಾನು ಮುಖ ತಿರುಗಿಸಿದ್ದನ್ನು ಕಂಡು, "ಅಳೋದಾದ್ರೆ ಆಮೇಲೆ ಅಳು ಮಾರಾಯ. ಈಗ ಆ ಪದ ಹೇಳು," ಎಂದಳು.

"ಎಂತ ಮಾತು ಅಕ್ಕ ಇದು."

"ಮತ್ತೆ? ನಾಟಕ ಆದಾಗ ನಾನು ಬಾಣಂತಿ, ನಮ್ಮತ್ತೆ ಕಳಿಸ್ಲಿಲ್ಲ. ಸಾವಿನ ಮನೇಲಿ ಕೇಳೋಣ ಅಂದ್ರೆ ಅಳೋರ ಗಲಾಟೇಲಿ ಒಂದಕ್ಷರ ಕಿವಿಗೆ ಬೀಳದಿಲ್ಲ. ನಾ ಸತ್ತ ಮೇಲೆ ಹಾಡಿದ್ರೆ ನಂಗೆ ಕೇಳ್ತದಾ? ಊರಿಗೆಲ್ಲ ಹಾಡಿದೀಯ, ನಂಗೆ ಈಗ ಹಾಡು."

ಭಾವ ಕಂಬಕ್ಕೆ ಒರಗಿ ನಿಂತಿದ್ದರು, ಬೇಡ ಎನ್ನಲಿಲ್ಲ. ನಾನು ಶುರುಮಾಡಿದೆ. ಅಂಜಬೇಡ ಏರು ತಾಯಿ ಎನ್ನುತ್ತಲೇ ಅವಳು ಕೈಯೆತ್ತಿ ತಡೆದಳು. "ತಾಯಿ ಎಂತಕ್ಕೆ? ಅಕ್ಕ ಅನ್ನು." ಅಂಜಬೇಡ ಏರು ಅಕ್ಕ, ಎಂದು ಹಾಡಿದೆ. ಹೇಗೆ ಹಾಡಿದೆನೋ ಗೊತ್ತಿಲ್ಲ. ಎರಡು ಸಾಲು ಮುಗಿಯಿತು. ಅಕ್ಕ ಕಣ್ಣು ಮುಚ್ಚಿ ಕಾಯುತ್ತಿದ್ದಳು.

"ಆಮೇಲೆ?"

"ಅಷ್ಟೇ ಅಕ್ಕ."

"ಇಷ್ಟೇನಾ? ಇಷ್ಟಕ್ಕೆ ತಾಲ್ಲೂಕು ಇಡೀ ಅಳ್ತದಾ?" ಎಂದು ಸ್ವಲ್ಪ ನಕ್ಕಳು. ನಕ್ಕರೆ ಅವಳಿಗೆ ನೋಯುತ್ತಿತ್ತು. ಆಮೇಲೆ ಕೇಳಿದಳು: "ರಾಣಿ ದಾಟಿದ್ಲು. ಅಂಬಿಗ ಎಂತ ಮಾಡ್ತಾನೆ?"

"ಅವನ ಪಾರ್ಟು ಅಲ್ಲಿಗೆ ಮುಗೀತು. ಮತ್ತೆ ಬರದಿಲ್ಲ."

"ಪಾಪ. ಖಾಲಿ ದೋಣಿ ಒಬ್ಬನೇ ವಾಪಸ್ ತರಬೇಕಲ್ಲೋ ಅವನು." ಇಷ್ಟು ಹೇಳಿ ಅವಳು ನನ್ನ ಕೈ ಹಿಡಿದುಕೊಂಡಳು. ಅಷ್ಟು ವರ್ಷ ಆ ಹಾಡು ಹಾಡಿದ ನನಗೂ, ಪೇಟಿ ಹಿಡಿದ ಸಾಹೇಬರಿಗೂ, ಅತ್ತ ಜನಕ್ಕೂ ಇದು ಹೊಳೆದಿರಲಿಲ್ಲ. ಆಮೇಲೆ, "ಊಟ ಮಾಡ್ಕೊಂಡು ಹೋಗು, ಕೆಸುವಿನ ಸೊಪ್ಪಿನ ಪಲ್ಯ ಮಾಡಿದಾರೆ," ಎಂದಳು. ಉಂಡೆ. ಅವಳು ನೋಡುತ್ತಿದ್ದಳೆಂದು ಎರಡನೆಯ ಸಲವೂ ಬಡಿಸಿಕೊಂಡು ಉಂಡೆ.

ಅದೇ ವಾರ ಅಕ್ಕ ಹೋದಳು. ಜೀಪು ಬಂತು. ಬಿಳಿ ಬಟ್ಟೆಯನ್ನು ನಾನೇ ಹರಿದು, ಮಡಿಸಿ, ಕಂಕುಳಲ್ಲಿಟ್ಟುಕೊಂಡು ಹತ್ತಿದೆ. ಅವಳನ್ನು ಗೋಡೆಗೆ ಆನಿಸಿ ಕೂರಿಸಿದ್ದರು, ಹಣೆ ತುಂಬ ವಿಭೂತಿ, ನನ್ನನ್ನು ಬೈಯಲು ಕೂತ ಹಾಗೇ ಇದ್ದಳು. ಭಜನೆ ನಿಂತಿತು. ವಿಮಾನ ಸಿದ್ಧವಾಯಿತು. ಎಲ್ಲರೂ ನನ್ನ ಕಡೆ ನೋಡಿದರು. ನಾನು ಬಾಯಿ ತೆರೆದೆ. ಅಂಜಬೇಡ ಎನ್ನಬೇಕು, ಅ ಕೂಡ ಹೊರಡಲಿಲ್ಲ. ಮತ್ತೆ ತೆರೆದೆ. ಕಂಡಕಂಡವರ ಮನೆಯಲ್ಲಿ ಕೇಳುವ ಮೊದಲೇ ಹೊರಡುತ್ತಿದ್ದ ಹಾಡು ನನ್ನ ಮನೆಯ ಸಾವಿಗೆ ಕೈಕೊಟ್ಟಿತು.

ಆಗ ಬಷೀರ್ ಸಾಹೇಬರು ಕೈಚೀಲದಿಂದ ಟೇಪ್ ರೆಕಾರ್ಡರ್ ತೆಗೆದರು. ಹಿಂದಿನ ವರ್ಷ ಅವರ ಅಳಿಯ ಮುಂಬಯಿಯಿಂದ ತಂದುಕೊಟ್ಟದ್ದು. ಅದನ್ನು ಪರೀಕ್ಷೆ ಮಾಡಲೆಂದು ನನ್ನ ಅಂಗಡಿಯಲ್ಲೇ ನನ್ನಿಂದ ಆ ಹಾಡು ಹಾಡಿಸಿಕೊಂಡಿದ್ದರು. "ನಿನ್ನ ಕೈಲಿ ಆಗದಿಲ್ಲ ಅಂತ ನಂಗೆ ಗೊತ್ತಿತ್ತು ಮಾರಾಯ. ಅದಕ್ಕೇ ತಂದೆ," ಎಂದು ನನ್ನ ಕಿವಿಯಲ್ಲಿ ಹೇಳಿ ಗುಂಡಿ ಒತ್ತಿದರು. ಪೇಟಿ ಶುರುವಾಯಿತು. ನನ್ನ ದನಿ ಹಾಡಿತು, ನಾನು ಬಾಯಿ ಮುಚ್ಚಿಕೊಂಡು ಕೇಳಿದೆ. ತಾಯಿ ಅಂತಲೇ ಹಾಡಿತು, ಅಕ್ಕ ಅನ್ನಲಿಲ್ಲ. ಒಂದನೆಯ ಸಾಲು ಮುಗಿಯುವಷ್ಟರಲ್ಲಿ ಟೇಪಿನೊಳಗೆ ಯಾರೋ ಗಿರಾಕಿ, "ಪಂಚೆ ಇದ್ಯಾ?" ಎಂದ. ನನ್ನ ದನಿ ಹಾಡು ಬಿಟ್ಟು, "ಇದೆ ಮಾರಾಯ್ರೆ, ಒಂದ್ನಿಮಿಷ ಕೂತ್ಕಳಿ," ಎಂದಿತು. ಎದುರಿಗೆ ಅಕ್ಕ ಕೂತೇ ಇದ್ದಳು.

ಭಾವನಿಗೆ ನಗು ಬಂದುಬಿಟ್ಟಿತು. ಮುಚ್ಚಿಕೊಳ್ಳಲು ಟವೆಲು ಮುಖಕ್ಕೆ ಹಿಡಿದರು, ಆ ನಗು ಟವೆಲಿನೊಳಗೇ ಅಳುವಾಯಿತು. ನನಗೂ ಹಾಗೇ ಆಯಿತು. ಅಕ್ಕನಿಗೆ ಕೇಳಿದ್ದರೆ ಎಲ್ಲರಿಗಿಂತ ಹೆಚ್ಚು ನಕ್ಕಿರುತ್ತಿದ್ದಳು. ಎರಡನೆಯ ಸಾಲು ಮುಗಿದ ಮೇಲೆ ವಿಮಾನ ಎತ್ತಿದರು. ಬರುವಾಗ ಜೀಪಿನಲ್ಲಿ ನಾನೂ ಸಾಹೇಬರೂ ಇಬ್ಬರೇ.

ಈಗ ಯಾರಾದರೂ ಹೋದರೆ ಜನ ಸಾಹೇಬರ ಅಂಗಡಿಗೆ ಬಂದು ಕ್ಯಾಸೆಟ್ ಒಯ್ಯುತ್ತಾರೆ, ನನ್ನ ಅಂಗಡಿಗೆ ಬಂದು ಬಟ್ಟೆ ಒಯ್ಯುತ್ತಾರೆ, ನನ್ನನ್ನು ಒಯ್ಯುವುದಿಲ್ಲ. ಕಾಯಿಲೆಯವರ ಮನೆಗೆ ಹೋದರೆ ಕಾಫಿ ಕೊಡುತ್ತಾರೆ. ಭಂಡಿಗಡಿಯ ಮೇಷ್ಟ್ರು ಕೂಡ ಮೊನ್ನೆ ಅಂಗಡಿಗೆ ಬಂದು ಟವೆಲು ತೆಗೆದುಕೊಂಡರು. ಬೇರೆ ಕ್ಯಾಸೆಟ್ ಮಾಡಿ, ಆ ಪಂಚೆಯ ಮಾತು ತೆಗೆಯೋಣ ಎಂದು ಸಾಹೇಬರು ಹೇಳಿದರು. ನಾನು ಬೇಡ ಎಂದೆ. ಹೊಸದಾಗಿ ಹಾಡುವುದು ನನ್ನಿಂದ ಆಗುವುದಿಲ್ಲ, ಅಕ್ಕ ಆ ಖಾಲಿ ದೋಣಿಯ ಮಾತು ಆಡಿದ ಮೇಲೆ ನಾನು ಹುಟ್ಟು ಹಾಕುವುದನ್ನೇ ಬಿಟ್ಟೆ. ಇನ್ನು ಉಳಿದಿರುವುದು ನನ್ನದೊಂದು ಸರದಿ. ಅದನ್ನು ನೆನೆದರೆ ಮಾತ್ರ ಸ್ವಲ್ಪ ಕಸಿವಿಸಿಯಾಗುತ್ತದೆ. ಹಣೆಗೆ ವಿಭೂತಿ ಹಚ್ಚಿ ನನ್ನನ್ನು ಗೋಡೆಗೆ ಆನಿಸಿರುತ್ತಾರೆ. ಸಾಹೇಬರು ಗುಂಡಿ ಒತ್ತುತ್ತಾರೆ. ನಾನೇ ನನಗೆ, ಅಂಜಬೇಡ ಏರು ತಾಯಿ, ಎಂದು ಹಾಡುತ್ತೇನೆ. ಅಷ್ಟರಲ್ಲಿ ಪಂಚೆಯವನು ಬರುತ್ತಾನೆ. ಒಂದು ನಿಮಿಷ ಕೂತ್ಕಳಿ ಎಂದು ನಾನೇ ಹೇಳುತ್ತೇನೆ, ನಾನೇ ಕೂತಿರುತ್ತೇನೆ.